ಕ್ಯಾಲ್ವಿನ್ ಅಪ್ಪ ಮಗನಿಗೆ ಹೇಳೋ ಸುಳ್ಳು ತಮಾಷೆನಾ ತಪ್ಪಾ?

ಕಾಫಿಪುಡಿ:
ಮನೇಲಿ ಒಂದು ಜಗಳ ನಡೀತಿದೆ, ಪಂಚಾಯ್ತಿ ಇಲ್ಲೇ ಆಗ್ಲಿ ಅಂತ ಹಾಕ್ತಿದೀನಿ. ಮಗ ಎರಡನೇ ಕ್ಲಾಸು. ರಾತ್ರಿ ಮಲಗೋ ಮುಂಚೆ ಕ್ಯಾಲ್ವಿನ್ ಅಂಡ್ ಹಾಬ್ಸ್ ಕಾಮಿಕ್ ಪುಸ್ತಕ (ಆರು ವರ್ಷದ ತುಂಟ ಕ್ಯಾಲ್ವಿನ್, ಅವನ ಗೊಂಬೆ ಹುಲಿ ಹಾಬ್ಸ್) ಇಟ್ಕೊಂಡು ನಾನು ಕನ್ನಡದಲ್ಲಿ ಹೇಳ್ತಾ ಹೋಗ್ತೀನಿ, ಅವನು ಚಿತ್ರ ನೋಡ್ತಾ ನಗ್ತಾನೆ. ಮೊನ್ನೆ ಸೇತುವೆ ಸ್ಟ್ರಿಪ್ (ಕೆಲವೇ ಚೌಕದ ಚಿತ್ರಕಥೆ) ಬಂತು. ಗೊತ್ತಿಲ್ಲದೋರಿಗೆ ಹೇಳ್ತೀನಿ, ಕಾರಲ್ಲಿ ಹೋಗ್ತಾ ಇರ್ತಾರೆ, ಸೇತುವೆ ಮೇಲೆ ಇಷ್ಟು ಟನ್ ಮಾತ್ರ ಅಂತ ಬೋರ್ಡ್ ಇರುತ್ತೆ, ಅದು ಹೆಂಗೆ ಗೊತ್ತಾಗುತ್ತಪ್ಪಾ ಅಂತ ಕ್ಯಾಲ್ವಿನ್ ಕೇಳ್ತಾನೆ. ಅವರಪ್ಪ ಒಂಚೂರೂ ನಗದೆ, ಸೇತುವೆ ಮುರಿಯೋ ತನಕ ದೊಡ್ಡ ದೊಡ್ಡ ಲಾರಿ ಓಡಿಸ್ತಾರೆ, ಕೊನೇ ಲಾರಿ ತೂಕ ನೋಡಿ ಬರ್ಕೊಂಡು, ಆಮೇಲೆ ಸೇತುವೆ ವಾಪಸ್ ಕಟ್ತಾರೆ ಅಂತಾನೆ.

ನನ್ನ ಮಗ ಇದನ್ನ ತಾತನ ಹತ್ರ ಹೋಗಿ ಹೇಳಿದಾನೆ. ತಾತ ಯಾರು? ನಮ್ಮಪ್ಪ, ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದೋರು! ಆವತ್ತಿಂದ ಮನೇಲಿ ಇದೇ ಮಾತು. ಮಕ್ಕಳಿಗೆ ಸುಳ್ಳು ಹೇಳಿಕೊಡೋ ಪುಸ್ತಕ ಯಾಕೆ ತಂದೆ, ಅಪ್ಪ ಆದೋನು ಮಗನಿಗೆ ಗೊತ್ತಿಲ್ಲದ್ದನ್ನ ತಿಳಿಸಿ ಹೇಳ್ಬೇಕೋ ಆಟ ಆಡಿಸ್ಬೇಕೋ ಅಂತ. ನನ್ನ ಪ್ರಶ್ನೆ ಇಷ್ಟೇ, ಪೇಪರ್ ಕಾಮಿಕ್ಸಲ್ಲಿ ಅಪ್ಪ-ಮಗನ ತಮಾಷೆ ಅಂದ್ರೆ ಹಿಂಗೇನಾ? ಒಂದೋ ಅಪ್ಪ ಸುಳ್ಳ, ಇಲ್ಲ ಅಪ್ಪ ಪೆದ್ದ. ಬೇರೆ ಥರ ಅಪ್ಪಂದಿರು ಇದಾರಾ?

ನಿದ್ದೆಗಣ್ಣು:
ತಾತ ವರ್ಸಸ್ ಕ್ಯಾಲ್ವಿನ್ ಅಪ್ಪ 😂 ನನ್ನ ವೋಟು ಕ್ಯಾಲ್ವಿನ್ ಅಪ್ಪಂಗೆ

ಅಡ್ಡಗೋಡೆ:
ಸಾರ್, ಆ ಸ್ಟ್ರಿಪ್ಪಲ್ಲಿ ಕೊನೇಲಿ ಅವರಮ್ಮ ಬೈತಾಳಲ್ಲ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕು ಅಂತ. ಅದನ್ನ ತಾತಂಗೆ ಹೇಳಿದ್ರಾ? ತಾತ ಹೇಳ್ತಿರೋದನ್ನೇ ಅಮ್ಮ ಹೇಳಿದಾಳೆ. ಅಂದ್ರೆ ಕಾಮಿಕ್ ಬರೆದೋನೂ ಅಪ್ಪನ ಪಾರ್ಟಿ ಅಲ್ಲ.

ಗಾರೆ_ಕೆಲ್ಸ:
ನಾನು ಸೇತುವೆ ಕೆಲಸದಲ್ಲೇ ಇರೋನು, ಆ ಸ್ಟ್ರಿಪ್ ನಮ್ಮ ಸೈಟ್ ಆಫೀಸ್ ಗೋಡೆ ಮೇಲೆ ಇದೆ. ಮಜಾ ಏನ್ ಗೊತ್ತಾ, ಅವರಪ್ಪ ಹೇಳಿದ್ರಲ್ಲಿ ಅರ್ಧ ನಿಜ. ಲೋಡ್ ಟೆಸ್ಟ್ ಅಂತ ಮಾಡೇ ಮಾಡ್ತೀವಿ, ಮರಳೋ ಜಲ್ಲಿನೋ ತುಂಬಿದ ಲಾರಿಗಳನ್ನ ತೂಕ ಹಾಕಿಸಿ ಸೇತುವೆ ಮೇಲೆ ಸಾಲಾಗಿ ನಿಲ್ಲಿಸಿ, ಕೆಳಗಡೆ ಎಷ್ಟು ಮಿಲಿಮೀಟರ್ ಬಾಗ್ತು ಅಂತ ಅಳೀತೀವಿ, ಭಾರ ಇಳಿಸಿದ ಮೇಲೆ ಎಷ್ಟು ವಾಪಸ್ ಏಳ್ತು ಅಂತನೂ ನೋಡ್ತೀವಿ. ಮುರಿಯೋ ತನಕ ಮಾತ್ರ ಓಡಿಸಲ್ಲ, ಓಡಿಸಿದ್ರೆ ನಮ್ಮನ್ನ ಓಡಿಸ್ತಾರೆ. ನಿಮ್ಮಪ್ಪಂಗೆ ಇದು ಗೊತ್ತೇ ಇರುತ್ತೆ, ಅದಕ್ಕೇ ಜಾಸ್ತಿ ಕೋಪ ಬಂದಿರೋದು.

ಕಾಫಿಪುಡಿ:
@ಗಾರೆ_ಕೆಲ್ಸ ಅಯ್ಯೋ ಇದನ್ನ ಓದಿ ಹೇಳಿದೆ, "ಬಾಗೋದಲ್ಲ, ಡಿಫ್ಲೆಕ್ಷನ್ ಅಂತ ಸರಿಯಾಗಿ ಹೇಳೋಕೆ ಹೇಳು ಅವರಿಗೆ" ಅಂದ್ರು

ಮಲ್ಲಿಗೆಹಂಬು:
ಮಕ್ಕಳಿಗೆ ಸುಳ್ಳು ಹೇಳ್ಬಾರ್ದು ಅಂತ ತಾತಂದಿರು ಹೇಳೋದು ಕೇಳಿದ್ರೆ ನಗು ಬರುತ್ತೆ. ಕಲ್ಲಂಗಡಿ ಬೀಜ ನುಂಗಿದ್ರೆ ಹೊಟ್ಟೇಲಿ ಗಿಡ ಹುಟ್ಟುತ್ತೆ ಅಂದಿದ್ದು ಯಾರು? ಊಟ ಮಾಡ್ದಿದ್ರೆ ಗುಮ್ಮ ಹಿಡ್ಕೊಂಡು ಹೋಗ್ತಾನೆ ಅಂದಿದ್ದು ಯಾರು? ರಾತ್ರಿ ಸೀಟಿ ಊದಿದ್ರೆ ಹಾವು ಬರುತ್ತೆ ಅಂತ ನಮ್ಮನ್ನ ಎಷ್ಟು ವರ್ಷ ಹೆದರಿಸಿದ್ರು. ಕ್ಯಾಲ್ವಿನ್ ಅಪ್ಪಂಗೂ ನಮ್ಮೋರಿಗೂ ಇರೋ ವ್ಯತ್ಯಾಸ ಅಂದ್ರೆ ಆಯಪ್ಪ ಸುಳ್ಳು ಹೇಳಿ ಹೆದರಿಸಲ್ಲ. ಮಾತು ಕೇಳ್ಲಿ ಅಂತ ಹೇಳೋ ಸುಳ್ಳಲ್ಲ ಅದು, ಮಗನ ಜೊತೆ ಆಟ ಆಡೋಕೆ ಹೇಳೋದು. ನಮ್ಮಲ್ಲಿ ಆ ಥರದ್ದು ಅಜ್ಜಿಯರು ಹೇಳ್ತಿದ್ರು, ಅಪ್ಪಂದಿರಿಗೆ ಅಷ್ಟು ಪುರುಸೊತ್ತು ಎಲ್ಲಿತ್ತು.

ಧಾರವಾಡ_ಫೇಡಾ:
ಖರೆ ಅದ ರೀ ಅಕ್ಕಾರ. ನಮ್ಮಪ್ಪ ಅಂತೂ ಮನಿಗೆ ಬಂದ್ರ ರೇಡಿಯೋ ಸೈತ ದನಿ ಕಡಿಮಿ ಮಾಡ್ತಿತ್ತು. ಅಂವಂಗ ತಮಾಷಿ ಮಾಡೂದ? ನಾವು ಹೇಳೂದೆಲ್ಲಾ ಅವ್ವನ ಮುಖಾಂತರನ ಹೋಗ್ತಿತ್ತು. ನಾ ಇಂಥಾ ಕಾಮಿಕ್ ಓದೂಮುಂದ ನಗೂಕಿಂತ ಹೆಚ್ಚು ಆಶ್ಚರ್ಯ ಪಡತಿದ್ದೆ, ಮಗ ಅಪ್ಪಗ ಎದುರು ನಿಂತು "ಅಪ್ಪಾ, ನಿನ್ನ ಜನಪ್ರಿಯತೆ ಈ ವಾರ ಭಾಳ ಇಳದದ" ಅಂತ ಸರ್ವೆ ಹಾಳಿ ಓದತಾನಲ್ರೀ! ಅಪ್ಪ ಹುದ್ದೆಗೆ ಇಲೆಕ್ಷನ್ ಇದ್ದಂಗ. ನಮ್ಮನ್ಯಾಗ ಸರ್ವೆ ಓದಿದ್ರ ನಾ ಊಟಾ ಇಲ್ದ ಮಲಗಬೇಕಾಗಿತ್ತು.

ಅಡ್ಡಗೋಡೆ:
ಆ ಸರ್ವೆ ಸೀರೀಸ್ ಪೂರ್ತಿ ಚಿನ್ನ. ಸರ್ವೆಗೆ ಉತ್ತರ ಕೊಟ್ಟೋರು ಯಾರು ಅಂತ ನೋಡಿದ್ರೆ ಈ ಮನೆಯ ಆರು ವರ್ಷದ ಮತದಾರರು ಮತ್ತೆ ಹುಲಿಗಳು 😄

ಕುಡ್ಲದ_ಬಿಸಿಲು:
ಮಾರಾಯ್ರೆ ಎಲ್ಲರೂ ಬ್ಲ್ಯಾಕ್ ಅಂಡ್ ವೈಟ್ ಫೋಟೋದ್ದು ಮರೆತದ್ದಾ? ಹಳೇ ಫೋಟೋ ಯಾಕೆ ಕಪ್ಪು-ಬಿಳುಪು ಅಂತ ಕೇಳಿದ್ದಕ್ಕೆ ಅವ, ಫೋಟೋ ಎಲ್ಲ ಕಲರೇ, ಆಗ ಪ್ರಪಂಚವೇ ಕಪ್ಪು-ಬಿಳುಪು ಇತ್ತು, 1930ರ ಸುಮಾರಿಗೆ ಬಣ್ಣ ಬಂತು ಅಂತ ಹೇಳುವುದು. ಹಾಗಾದ್ರೆ ಹಳೇ ಪೈಂಟಿಂಗ್ ಯಾಕೆ ಕಲರ್ ಉಂಟು ಅಂತ ಪೋರ ಮತ್ತೆ ಕೇಳ್ತಾನೆ, ಅದಕ್ಕೂ ಉತ್ತರ ರೆಡಿ. ಇದರಲ್ಲಿ ಮಗ ಪೆದ್ದ ಅಲ್ಲ ನೋಡಿ. ಅವ ಕೇಳುವ ಒಂದೊಂದು ಪ್ರಶ್ನೆಯೂ ಸರಿ, ವಕೀಲರ ಪಾಟೀಸವಾಲಿನ ಹಾಗೆ. ಅಪ್ಪ ತಪ್ಪಿಸಿಕೊಳ್ಳುವುದೇ ಆಟ.

ತಲೆಹರಟೆ_ತಿಮ್ಮ:
ವಕೀಲ ಅಂದ್ರಲ್ಲ, ಕ್ಯಾಲ್ವಿನ್ ಅಪ್ಪ ನಿಜವಾಗ್ಲೂ ವಕೀಲನೇ, ಪೇಟೆಂಟ್ ಅಟಾರ್ನಿ. ಕ್ಯಾಲ್ವಿನ್ ಬರೆದ ಬಿಲ್ ವಾಟರ್ಸನ್ ಅವರಪ್ಪನೂ ಪೇಟೆಂಟ್ ಅಟಾರ್ನಿನೇ. ಚಳಿಲಿ ನಡುಗ್ತಾ ಕ್ಯಾಂಪಿಂಗ್ ಹೋಗೋದು, ಹಿಮ ತೆಗೆಯೋದು, ಎಲ್ಲದಕ್ಕೂ ಇದರಿಂದ ಕ್ಯಾರೆಕ್ಟರ್ ಬೆಳೆಯುತ್ತೆ ಅಂತಾನಲ್ಲ ಅಪ್ಪ, ಅದೆಲ್ಲ ತನ್ನ ಅಪ್ಪ ಹೇಳ್ತಿದ್ದಿದ್ದೇ ಹೆಚ್ಚುಕಮ್ಮಿ ಹಾಗ್ಹಾಗೇ ಇಳಿಸಿರೋದು ಅಂತ ವಾಟರ್ಸನ್ನೇ ಬರ್ಕೊಂಡಿದಾರೆ, ಹತ್ತು ವರ್ಷದ ನೆನಪಿನ ಪುಸ್ತಕ ಬಂತಲ್ಲ, ಅದ್ರಲ್ಲಿ. 1985 ನವೆಂಬರಿಂದ 1995 ಡಿಸೆಂಬರ್ 31ರ ತನಕ ದಿನಾ ತನ್ನಪ್ಪನ್ನ ಪೇಪರಲ್ಲಿ ಆಡ್ಕೊಂಡಿದಾನೆ ಪುಣ್ಯಾತ್ಮ. ಅವರಪ್ಪ ಬೆಳಗ್ಗೆ ಪೇಪರ್ ತೆಗೆದಾಗ ಏನನ್ಸಿರ್ಬೇಡ!

ನಿದ್ದೆಗಣ್ಣು:
ಕ್ಯಾಲ್ವಿನ್ ಅಪ್ಪನ ಹೆಸರು ಜಾನ್ ಅಲ್ವಾ?

ತಲೆಹರಟೆ_ತಿಮ್ಮ:
ಅಲ್ಲ. ಹೆಸರೇ ಇಲ್ಲ. ಅಪ್ಪ, ಅಮ್ಮ, ಅಷ್ಟೇ. ಮಗನಿಗೆ ಅವರು ಬರೀ ಅಪ್ಪ-ಅಮ್ಮ, ಹೆಸರು ಯಾಕೆ ಬೇಕು ಅನ್ನೋದು ಲೆಕ್ಕ. ಅಂಕಲ್ ಮ್ಯಾಕ್ಸ್ ಅಂತ ಅಪ್ಪನ ಒಡಹುಟ್ಟಿದೋನು ಒಬ್ಬ ಬಂದ, ಕ್ಯಾಲ್ವಿನ್ ಅಪ್ಪನ್ನ ಹೆಸರಿಡಿದು ಕರೆಯೋಕೆ ಆಗ್ದೆ ಒದ್ದಾಡಿ ಆಮೇಲೆ ಸ್ಟ್ರಿಪ್ಪಿಂದಾನೇ ಮಾಯ.

ಅರಳೀಕಟ್ಟೆ:
ನನಗೆ ಕಾಡೋದು ಇನ್ನೊಂದು ಸ್ಟ್ರಿಪ್. ಆಯಪ್ಪ ಪೂರ್ತಿ ನಿಜ ಹೇಳಿದ್ದು. ರೆಕಾರ್ಡ್ ಪ್ಲೇಯರ್ ಇದ್ಯಲ್ಲ, ತಿರುಗೋ ತಟ್ಟೆ, ಅದರ ಮಧ್ಯದ ಲೇಬಲ್ ಮೇಲೆ ಒಂದು ಚುಕ್ಕಿ, ಅಂಚಲ್ಲಿ ಒಂದು ಚುಕ್ಕಿ, ಎರಡೂ ಒಂದೇ ಟೈಮಿಗೆ ಒಂದು ಸುತ್ತು ಹಾಕ್ತವೆ, ಆದ್ರೆ ಅಂಚಿನ ಚುಕ್ಕಿಗೆ ದೊಡ್ಡ ಸುತ್ತು, ಹಂಗಾಗಿ ಅದು ಜಾಸ್ತಿ ಸ್ಪೀಡು, ಒಂದೇ ತಟ್ಟೆ ಮೇಲೆ ಎರಡು ವೇಗ. ಅಷ್ಟೇ ಹೇಳ್ತಾನೆ. ಕೊನೇ ಚೌಕದಲ್ಲಿ ಕ್ಯಾಲ್ವಿನ್ ರಾತ್ರಿ ಕತ್ತಲಲ್ಲಿ ಹಾಸಿಗೆ ಮೇಲೆ ಕಣ್ಣು ಬಿಟ್ಕೊಂಡು ಬಿದ್ದಿರ್ತಾನೆ, ನಿದ್ದೆ ಇಲ್ಲ! ಗಾಳಿ ಅಂದ್ರೆ ಮರ ಸೀನೋದು ಅಂತ ಅಪ್ಪ ಇನ್ನೊಂದು ಸ್ಟ್ರಿಪ್ಪಲ್ಲಿ ಸುಳ್ಳು ಹೇಳಿದಾಗ ಆರಾಮಾಗಿದ್ದ ಹುಡುಗ, ಸರಿಯಾದ ಫಿಸಿಕ್ಸ್ ಕೇಳಿ ನಿದ್ದೆಗೆಟ್ಟ. @ಕಾಫಿಪುಡಿ ಇದನ್ನ ತಾತಂಗೆ ತೋರ್ಸಿ, ಪಕ್ಕಾ ಇಷ್ಟ ಆಗುತ್ತೆ.

ಹೊಸ_ಅಪ್ಪ:
ನನಗೆ ಈ ಅಪ್ಪಂದಿರ ಕಾಮಿಕ್ಸಲ್ಲಿ ತಮಾಷೆನೇ ಕಾಣಲ್ಲ ಗುರು. ಪ್ರತೀ ಸಲ ಸುಸ್ತಾದ ಗಂಡಸು, ಸೋಫಾ, ಪೇಪರ್ರು, ಮಗ ಬಂದು ಕಾಟ ಕೊಡ್ತಾನೆ. ತುಂಟ ಹುಡುಗನ ಕಾಮಿಕ್ ಡೆನಿಸ್ ದಿ ಮೆನೇಸ್ ತಗೊಳಿ, ಅಪ್ಪ ಬರೀ ತಲೆ ಮೇಲೆ ಕೈ ಹೊತ್ಕೊಂಡು ಕೂತ್ಕೊಳೋಕೆ ಇರೋದು. ಅದೂ ಇಂಗ್ಲೆಂಡಿಂದ ಕದ್ದಿದ್ದು ಬೇರೆ.

ತಲೆಹರಟೆ_ತಿಮ್ಮ:
@ಹೊಸ_ಅಪ್ಪ ಕದ್ದಿದ್ದಲ್ಲ ಸ್ವಾಮಿ. ಇಂಗ್ಲೆಂಡಿನ ಬೀನೋ ಪತ್ರಿಕೆಯ ಡೆನಿಸ್, ಅಮೆರಿಕದ ಡೆನಿಸ್ ಎರಡೂ ಬಂದಿದ್ದು 1951ರ ಮಾರ್ಚಲ್ಲೇ. ಒಬ್ಬರಿಗೆ ಇನ್ನೊಬ್ಬರ ಸುದ್ದಿನೇ ಗೊತ್ತಿರ್ಲಿಲ್ಲ. ಬರೀ ಕಾಕತಾಳೀಯ. ಇಂಗ್ಲೆಂಡಿನೋನು ಕೆಂಪು-ಕಪ್ಪು ಪಟ್ಟೆ ಬನಿಯನ್ ಹಾಕ್ಕೊಂಡು ಬೇಕಂತಲೇ ಕಿತಾಪತಿ ಮಾಡ್ತಾನೆ, ಅಮೆರಿಕದೋನು ಒಳ್ಳೇದು ಮಾಡೋಕೆ ಹೋಗಿ ಎಡವಟ್ಟು ಮಾಡ್ತಾನೆ.

ಬಸವನಗುಡಿ_ಬ್ರಾಂಚ್:
ಡೆನಿಸ್ ಕಥೆ ಹಿಂದೆ ಇರೋ ಕಥೆ ಗೊತ್ತಾದ್ರೆ ನಗೋದು ಕಷ್ಟ. ಅಮೆರಿಕದ ಡೆನಿಸ್ ಬರೆದ ಹ್ಯಾಂಕ್ ಕೆಚಮ್ ಮಗನ ಹೆಸರೇ ಡೆನಿಸ್, ಆಗ ನಾಲ್ಕು ವರ್ಷ. ಮಧ್ಯಾಹ್ನ ಮಲಗು ಅಂತ ರೂಮಲ್ಲಿ ಬಿಟ್ರೆ ರೂಮನ್ನೇ ಎಬ್ಬಿಸಿ ಹಾಕಿದ್ನಂತೆ, ಹೆಂಡ್ತಿ ಆಲಿಸ್ ಬಂದು ನಿನ್ನ ಮಗ ಒಂದು ಪೀಡೆ ಅಂತ ಬೈದ್ರು, ಅಲ್ಲಿಂದ ಸ್ಟ್ರಿಪ್ ಹುಟ್ತು. ಅಪ್ಪನ ಪಾತ್ರಕ್ಕೆ ಹೆನ್ರಿ ಅಂತ ತನ್ನ ಹೆಸರೇ (ಹ್ಯಾಂಕ್ ಅಂದ್ರೆ ಹೆನ್ರಿನೇ), ಅಮ್ಮಂಗೆ ಆಲಿಸ್ ಅಂತಾನೇ. ಆದ್ರೆ ಆಲಿಸ್ 1959ರಲ್ಲೇ ತೀರ್ಕೊಂಡ್ರು. ಆಮೇಲೆ ಕೆಚಮ್ ಇನ್ನೊಂದು ಮದುವೆ ಆಗಿ ಸ್ವಿಟ್ಜರ್ಲೆಂಡಿಗೆ ಹೋದ್ರು, ಮಗ ಬೋರ್ಡಿಂಗ್ ಸ್ಕೂಲು, ಆಮೇಲೆ ವಿಯೆಟ್ನಾಂ ಯುದ್ಧ. ಅಪ್ಪ-ಮಗನಿಗೆ ಮಾತುಕತೆ ಬಹುತೇಕ ನಿಂತೇ ಹೋಗಿತ್ತು. ಪೇಪರಲ್ಲಿ ಮಾತ್ರ ಡೆನಿಸ್ ಐದೂವರೆ ವರ್ಷದೋನಾಗೇ ಅಪ್ಪನ ತೊಡೆ ಮೇಲೆ ಕೂತಿದ್ದ, 2001ರಲ್ಲಿ ಕೆಚಮ್ ಹೋಗೋ ತನಕ, ಹೋದ್ಮೇಲೂ.

ಮಲ್ಲಿಗೆಹಂಬು:
ಥೋ, ಬೆಳಗ್ಗೆ ಬೆಳಗ್ಗೆ ಇದನ್ನ ಯಾಕ್ ಓದಿಸಿದ್ರಿ

ಧಾರವಾಡ_ಫೇಡಾ:
ಮಗನ ಹೆಸರಲೇ ರೊಕ್ಕಾ ಮಾಡಿ ಮಗನ್ನ ದೂರ ಇಟ್ಟಾನಲ್ರೀ. ಹಿಂತಾದ್ದು ಗೊತ್ತಾದಮ್ಯಾಗ ಆ ಸ್ಟ್ರಿಪ್ಪ ಓದೂ ಹಂಗ ಆಗಂಗಿಲ್ಲ.

ಅಡ್ಡಗೋಡೆ:
ಯಾಕೆ ಆಗಲ್ಲ? ಕಾಮಿಕ್ ಬೇರೆ, ಬರೆದೋನು ಬೇರೆ. ಮನೇಲಿ ಸೋತ ಅಪ್ಪ ಕಾಗದದ ಮೇಲೆ ಒಳ್ಳೆ ಅಪ್ಪ ಆಗಿರ್ಬಹುದು. ಅದು ಮೋಸ ಅಂತ ನಾನು ಒಪ್ಪಲ್ಲ.

ಧಾರವಾಡ_ಫೇಡಾ:
ಒಪ್ಪಬ್ಯಾಡ್ರಿ. ನಾ ಓದಂಗಿಲ್ಲ ಅಷ್ಟ.

ಗಡ್ಡಪ್ಪ_ಅಲ್ಲ:
ಉಲ್ಟಾ ಕೇಸೂ ಇದಾವೆ. ಬ್ಲಾಂಡಿ ಅನ್ನೋ ಸ್ಟ್ರಿಪ್ ಬರೆದ ಚಿಕ್ ಯಂಗ್ 1973ರಲ್ಲಿ ತೀರ್ಕೊಂಡ ಮೇಲೆ ಮಗ ಡೀನ್ ಯಂಗ್ ಮುಂದುವರ್ಸಿದ್ರು. ಹಾಗರ್ ದಿ ಹಾರಿಬಲ್ ಡಿಕ್ ಬ್ರೌನ್ ಇಂದ ಮಗ ಕ್ರಿಸ್ ಕೈಗೆ ಬಂತು. ಫ್ಯಾಮಿಲಿ ಸರ್ಕಸ್ ಅಂತೂ ಇನ್ನೂ ಮಜಾ, ಬಿಲ್ ಕೀನ್ ತನ್ನ ಮಗ ಜೆಫ್‌ನ ನೋಡಿ ಜೆಫಿ ಅನ್ನೋ ಪುಟಾಣಿ ಪಾತ್ರ ಮಾಡಿದ್ರು, ಆ ಜೆಫಿನೇ ದೊಡ್ಡವನಾಗಿ ಈಗ ಸ್ಟ್ರಿಪ್ ಬರೀತಿದಾನೆ. ನಮ್ಮಲ್ಲಿ ಅಂಗಡಿ ಬೋರ್ಡ್ ಮೇಲೆ ಅಂಡ್ ಸನ್ಸ್ ಅಂತ ಹಾಕ್ತಾರಲ್ಲ ಹಂಗೆ.

ಇನ್ನೊಂದು, ಬ್ಲಾಂಡಿ ಶುರು ಆಗಿದ್ದೇ ಅಪ್ಪ-ಮಗನ ಜಗಳದಿಂದ. ಬ್ಲಾಂಡಿ ಗಂಡ ಡ್ಯಾಗ್ವುಡ್ ಅಂದ್ರೆ ಸ್ಯಾಂಡ್‌ವಿಚ್, ಬಾಸ್ ಹತ್ರ ಬೈಸ್ಕೊಳೋದು ಅಷ್ಟೇ ಅಂದ್ಕೊಂಡಿರ್ತೀರ. ಅವನು ಅಸಲಿಗೆ ದೊಡ್ಡ ಸಾಹುಕಾರನ ಮಗ! ಬ್ಲಾಂಡಿನ ಮದುವೆ ಆಗ್ತೀನಿ ಅಂದ, ಅಪ್ಪ ಒಪ್ಪಲಿಲ್ಲ, ಮಗ ಊಟ ಬಿಟ್ಟು ಸತ್ಯಾಗ್ರಹ ಕೂತ. 1933 ಫೆಬ್ರವರಿಲಿ ಮದುವೆ ಆಯ್ತು, ಆಸ್ತಿಲಿ ಮಾತ್ರ ಚಿಕ್ಕಾಸೂ ಇಲ್ಲ ಅಂದ್ಬಿಟ್ಟ ಅಪ್ಪ. ಅಮೆರಿಕದಲ್ಲಿ ಆಗ ಡಿಪ್ರೆಷನ್ ಕಾಲ, ಕೆಲಸ ಇಲ್ದೆ ಜನ ಒದ್ದಾಡ್ತಿದ್ರು, ಸಾಹುಕಾರನ ಮಗನ ಪ್ರೇಮಕಥೆ ಯಾರಿಗೂ ಬೇಕಿರ್ಲಿಲ್ಲ, ಹಂಗಾಗಿ ಅವನನ್ನ ಆಫೀಸ್ ಗುಮಾಸ್ತ ಮಾಡಿದ್ರು. ಆಮೇಲೆ ಹಿಟ್ ಆಗಿದ್ದು ಅದೇ.

ಹೊಸ_ಅಪ್ಪ:
ಓಹೋ ಇದು ನಮ್ಮ ಹಳೇ ಸಿನಿಮಾ ಕಥೆ ಇದ್ದಂಗಿದೆ, ಶ್ರೀಮಂತ ಅಪ್ಪ, ನೈಟ್ ಗೌನು, ಪೈಪು, "ನನ್ನ ಆಸ್ತೀಲಿ ನಿನಗೆ ಬಿಡಿಗಾಸು ಸಿಗಲ್ಲ" 😂

ಕುಡ್ಲದ_ಬಿಸಿಲು:
ಹಾಗರ್ ಹೇಳಿದ್ದು ಒಳ್ಳೇದಾಯ್ತು. ಅದರಲ್ಲಿ ಅಪ್ಪ ವೈಕಿಂಗ್, ಊರೂರು ಕೊಳ್ಳೆ ಹೊಡೆಯುವವ, ಸ್ನಾನ ವರ್ಷಕ್ಕೊಮ್ಮೆ. ಮಗ ಹ್ಯಾಮ್ಲೆಟ್ ತಲೆ ಬಾಚಿ, ಕೈಯಲ್ಲಿ ಪುಸ್ತಕ ಹಿಡಿದು ಕೂತಿರುವುದು. ಮಗ ದಾರಿ ತಪ್ಪಿದ ಅಂತ ಅಪ್ಪನಿಗೆ ಬೇಜಾರು, ಓದ್ತಾನಲ್ಲ! ನಮ್ಮ ಕಡೆ ಎಲ್ಲ ಅಪ್ಪಂದಿರು ಮಗ ಓದುವುದಿಲ್ಲ ಅಂತ ಅಳುವುದು. ತಲೆಕೆಳಗು ಮಾಡಿದ್ದಕ್ಕೇ ನಗು ಬರುವುದು, ಆದ್ರೆ ಅಪ್ಪನ ಮುಖದ ಕಳವಳ ಮಾತ್ರ ನಮ್ಮ ಅಪ್ಪಂದಿರದ್ದೇ.

ನಿದ್ದೆಗಣ್ಣು:
ನನ್ನ ಮಗ ಹದಿನಾರು. ನಮ್ಮನೇಲಿ ಈಗ ಝಿಟ್ಸ್ (ಹದಿಹರೆಯದ ಜೆರೆಮಿಯ ಕಾಮಿಕ್) ನಡೀತಿದೆ. ಜೆರೆಮಿ ಅವರಪ್ಪ ಹಲ್ಲಿಗೆ ತಂತಿ ಕಟ್ಟೋ ಡಾಕ್ಟ್ರು, ಊರವರ ಮಕ್ಕಳ ಬಾಯೆಲ್ಲ ತೆರೆಸ್ತಾನೆ, ತನ್ನ ಮಗ ಬಾಯಿ ಬಿಡಲ್ಲ. "ಹೆಂಗಿತ್ತು ಇವತ್ತು?" "ಹೂಂ." ಮುಗೀತು. ಚಿಕ್ಕ ಮಕ್ಕಳ ಅಪ್ಪಂದಿರು ಕ್ಯಾಲ್ವಿನ್ ಓದಿ ಈಗಲೇ ಮಜಾ ಮಾಡಿ, ಪ್ರಶ್ನೆ ಕೇಳೋ ವಯಸ್ಸು ಜಾಸ್ತಿ ದಿನ ಇರಲ್ಲ.

ಚಿಲ್ಲರೆ_ಇಲ್ಲ:
ಎಲ್ಲ ಸರಿ, ಕನ್ನಡ ಪೇಪರಲ್ಲಿ ಯಾಕೆ ಅಪ್ಪ-ಮಗನ ಸ್ಟ್ರಿಪ್ ಬೆಳೀಲಿಲ್ಲ? ನಮ್ಮ ಕಡೆ ವ್ಯಂಗ್ಯಚಿತ್ರಕ್ಕೇನು ಬರ. ಕೊರವಂಜಿ ಹಾಸ್ಯಪತ್ರಿಕೆ 1942ರಲ್ಲೇ ಶುರು, ರಾ.ಶಿ. ನಡೆಸಿದ್ದು, ಆರ್.ಕೆ. ಲಕ್ಷ್ಮಣ್ ಅದಕ್ಕೆ ವ್ಯಂಗ್ಯಚಿತ್ರ ಬರೀತಿದ್ರು. ಆದ್ರೆ ನಮ್ಮದೆಲ್ಲ ಒಂದೇ ಚೌಕದ ಚಿತ್ರ, ರಾಜಕಾರಣಿ, ಗಂಡ-ಹೆಂಡತಿ, ಆಫೀಸು. ದಿನಾ ಒಂದೇ ಕುಟುಂಬ ಬರೋ ಸ್ಟ್ರಿಪ್ ಅಂದ್ರೆ ಇಂಗ್ಲಿಷಿಂದೇ. ಸಿಂಡಿಕೇಟ್ ಅನ್ನೋ ಸ್ಟ್ರಿಪ್ ಮಾರೋ ಕಂಪನಿ ಕಡೆಯಿಂದ ಸಾವಿರಾರು ಪೇಪರಿಗೆ ಒಂದೇ ಸ್ಟ್ರಿಪ್ ಹೋಗುತ್ತೆ, ಒಂದೊಂದು ಪೇಪರಿಗೆ ಅಗ್ಗಕ್ಕೆ ಸಿಗುತ್ತೆ. ಇಲ್ಲಿ ಒಬ್ಬ ಕಲಾವಿದನಿಗೆ ದಿನಾ ಬರೆಯೋಕೆ ಸಂಬಳ ಯಾರು ಕೊಡ್ತಾರೆ?

ಬಸವನಗುಡಿ_ಬ್ರಾಂಚ್:
ನಮ್ಮ ಅಪ್ಪ-ಮಗ ಹಾಸ್ಯ ಚಿತ್ರದಲ್ಲಿಲ್ಲ, ಗುಂಡನ ಜೋಕಲ್ಲಿದೆ. ವಾರಪತ್ರಿಕೆ ಮೂಲೆ ಮೂಲೆಲಿ ಗುಂಡ, ಅವರಪ್ಪ, ಮೇಷ್ಟ್ರು. ಗುಂಡ ಅಪ್ಪಂಗೆ ಎದುರುತ್ತರ ಕೊಡೋದು ನೋಡಿ ನಮಗೆ ಖುಷಿ, ಯಾಕಂದ್ರೆ ನಾವು ಕೊಡೋ ಹಂಗಿರ್ಲಿಲ್ಲ.

ತಲೆಹರಟೆ_ತಿಮ್ಮ:
ಅಪ್ಪ: ಗುಂಡ, ಮಾರ್ಕ್ಸ್ ಕಾರ್ಡ್ ಎಲ್ಲೋ?
ಗುಂಡ: ಅಟ್ಟದ ಮೇಲೆ ಹಳೇ ಟ್ರಂಕಲ್ಲಿ ಇಟ್ಟಿದೀನಿ.
ಅಪ್ಪ: ಅಲ್ಯಾಕೋ ಇಟ್ಟೆ?
ಗುಂಡ: ನಿಮ್ಮದೂ ಅಲ್ಲೇ ಇತ್ತು, ಜೊತೆ ಇರ್ಲಿ ಅಂತ.

ಮಲ್ಲಿಗೆಹಂಬು:
😂😂 ಇದನ್ನ ಮಗನಿಗೆ ತೋರಿಸೋ ಹಂಗಿಲ್ಲ

ಕೋಪಿಷ್ಠ_ಓದುಗ:
ಪೇಪರಲ್ಲಿ ಈಗ ಕಾಮಿಕ್ಸ್ ಎಲ್ಲಿದೆ ರೀ, ಸ್ಟ್ಯಾಂಪ್ ಸೈಜಿಗೆ ಇಳಿಸಿದಾರೆ, ಭೂತಕನ್ನಡಿ ಬೇಕು. ಪಕ್ಕದಲ್ಲಿ ಸುಡೋಕು ಮಾತ್ರ ದೊಡ್ಡದಾಗಿ.

ಸುಡೋಕು_ಸುಬ್ಬಿ:
ಸುಡೋಕು ತಂಟೆಗೆ ಬರ್ಬೇಡಿ

ಅರಳೀಕಟ್ಟೆ:
ಜಾಗದ ಜಗಳ ಹೊಸದಲ್ಲ. ವಾಟರ್ಸನ್ನೂ ಭಾನುವಾರದ ಜಾಗಕ್ಕೆ ಸಿಂಡಿಕೇಟ್ ಜೊತೆ ಗುದ್ದಾಡಿದ್ರು, ಪೇಪರಿನೋರು ಚೌಕ ಕತ್ತರಿಸೋ ಹಂಗಿಲ್ಲ ಅಂತ. ಟೀ ಶರ್ಟು, ಗೊಂಬೆ ಮಾರಾಟಕ್ಕೂ ಒಪ್ಪಲಿಲ್ಲ.

ಸರಿ ವಿಷಯಕ್ಕೆ ಬರ್ತೀನಿ, ಮೂಲ ಪ್ರಶ್ನೆ ಸುಳ್ಳ ಅಲ್ಲದ ಪೆದ್ದ ಅಲ್ಲದ ಅಪ್ಪ ಇದಾನಾ ಅಂತ. ಅದಕ್ಕೆ ನನ್ನ ಉತ್ತರ ಜರ್ಮನಿದು. ಫಾಟರ್ ಉಂಡ್ ಝೋನ್, ಅಂದ್ರೆ ಅಪ್ಪ ಮತ್ತು ಮಗ. ಬರ್ಲಿನ್ನಿನ ವಾರಪತ್ರಿಕೆಲಿ 1934ರ ಕೊನೆಯಿಂದ 1937ರ ತನಕ ಬಂತು. ಮಾತೇ ಇಲ್ಲ. ಬೋಳು ತಲೆ, ದಪ್ಪ ಮೀಸೆಯ ಗುಂಡು ಅಪ್ಪ, ಕೆದರಿದ ಕೂದಲಿನ ಮಗ. ಅಮ್ಮ ಕಾಣೋದೇ ಅಪರೂಪ. ಒಂದ್ರಲ್ಲಿ ಊಟಕ್ಕೆ ಕರಿ ಅಂತ ಅಮ್ಮ ಅಪ್ಪನ್ನ ಕಳಿಸ್ತಾಳೆ, ಮಗ ನೆಲದ ಮೇಲೆ ಬಿದ್ಕೊಂಡು ಪುಸ್ತಕ ಓದ್ತಿರ್ತಾನೆ. ಮಗ ಎದ್ದು ಊಟಕ್ಕೆ ಬರ್ತಾನೆ, ಅಪ್ಪನ ಪತ್ತೆ ಇಲ್ಲ. ಹೋಗಿ ನೋಡಿದ್ರೆ ಅಪ್ಪ ಅದೇ ಜಾಗದಲ್ಲಿ ಬಿದ್ಕೊಂಡು ಅದೇ ಪುಸ್ತಕ ಓದ್ತಾ ಇದಾನೆ. ಇನ್ನೊಂದ್ರಲ್ಲಿ ಮಗನ ಹೋಂವರ್ಕ್ ಅಪ್ಪ ಬರೆದುಕೊಡ್ತಾನೆ, ತಪ್ಪು ನೋಡಿದ ಮೇಷ್ಟ್ರು ಮನೆಗೇ ಬಂದು ಅಪ್ಪನ ಕುಂಡೆ ಮೇಲೆ ಬಾರಿಸ್ತಾನೆ 😄 ಇಲ್ಲಿ ಅಪ್ಪ ಪೆದ್ದ ಅಂತ ನಗಲ್ಲ ನಾವು, ಇಬ್ಬರೂ ಒಂದೇ ವಯಸ್ಸಿನ ಗೆಳೆಯರು ಅನ್ಸುತ್ತೆ.

ಕಾಫಿಪುಡಿ:
ಇದು ಕೇಳೇ ಇರ್ಲಿಲ್ಲ! ಬರೆದಿದ್ಯಾರು? 1934 ಜರ್ಮನಿ ಅಂದ್ರೆ ಹಿಟ್ಲರ್ ಕಾಲ ಅಲ್ವಾ?

ಅರಳೀಕಟ್ಟೆ:
ಹೌದು, ಅಲ್ಲೇ ಇರೋದು ವಿಷಯ. ಎರಿಕ್ ಓಝರ್ ಅಂತ. ಹಿಟ್ಲರ್ ಬರೋ ಮುಂಚೆ ಹಿಟ್ಲರ್, ಅವನ ಪ್ರಚಾರ ನೋಡ್ಕೊಳ್ತಿದ್ದ ಗೋಬೆಲ್ಸ್ ಮೇಲೆ ವ್ಯಂಗ್ಯಚಿತ್ರ ಬರೆದಿದ್ರು, ಅವರು ಅಧಿಕಾರಕ್ಕೆ ಬಂದ್ಮೇಲೆ ಕೆಲಸ ಬಂದ್. ಅಪ್ಪ-ಮಗನ ಸ್ಟ್ರಿಪ್ಪಿಗೆ ಸ್ವಂತ ಹೆಸರು ಹಾಕೋ ಹಂಗಿರ್ಲಿಲ್ಲ, ಇ.ಓ. ಪ್ಲಾವೆನ್ ಅಂತ ಹಾಕಿದ್ರು, ಪ್ಲಾವೆನ್ ಅವರು ಬೆಳೆದ ಊರು. ಮನೇಲಿ ಚಿಕ್ಕ ಮಗ ಇದ್ದ, ಕ್ರಿಸ್ಟಿಯಾನ್. ಇಡೀ ದೇಶ ಯೂನಿಫಾರ್ಮ್ ಹಾಕ್ಕೊಂಡು ಕವಾಯತು ಮಾಡ್ತಿದ್ದಾಗ ಈ ಅಪ್ಪ ಮಗ ಬರೀ ಆಟ ಆಡ್ತಿದ್ರು. ಜನಕ್ಕೆ ಹುಚ್ಚು ಹಿಡಿಸಿಬಿಟ್ಟಿತ್ತಂತೆ.

1944ರಲ್ಲಿ ಓಝರ್ ಮತ್ತೆ ಅವರ ಗೆಳೆಯ ಎರಿಕ್ ಕ್ನಾಫ್ ಸರ್ಕಾರದ ಬಗ್ಗೆ ಆಡಿದ ಮಾತನ್ನ ಗೊತ್ತಿದ್ದೋರೇ ಕದ್ದು ಕೇಳಿ ದೂರು ಕೊಟ್ರು. ಅರೆಸ್ಟ್ ಆಯ್ತು. ವಿಚಾರಣೆಗೆ ಮುಂಚೆನೇ ಏಪ್ರಿಲಲ್ಲಿ ಓಝರ್ ಜೈಲಲ್ಲೇ ಜೀವ ತಗೊಂಡ್ರು, ಕ್ನಾಫ್‌ಗೆ ಮೇ ತಿಂಗಳಲ್ಲಿ ಮರಣದಂಡನೆ. ಕೊನೇ ಸ್ಟ್ರಿಪ್ಪಲ್ಲಿ ಅಪ್ಪ-ಮಗ ಕೈ ಕೈ ಹಿಡ್ಕೊಂಡು ನಡೀತಾ ನಡೀತಾ ಆಕಾಶಕ್ಕೆ ಹೋಗ್ತಾರೆ. ಅದು ಬರೆದಿದ್ದು 1937ರಲ್ಲೇ, ಇದೆಲ್ಲ ಆಗೋಕೆ ಮುಂಚೆ.

ಗಾರೆ_ಕೆಲ್ಸ:
ಈ ಥ್ರೆಡ್ಡಿಗೆ ನಗೋಕೆ ಬಂದಿದ್ದೆ ನಾನು.

ಹೊಸ_ಅಪ್ಪ:
ನಾಜಿ ಕಾಲದಲ್ಲಿ ಪತ್ರಿಕೆಲಿ ಬರೋಕೆ ಬಿಟ್ಟಿದಾರೆ ಅಂದ್ರೆ ಅದು ಅವರಿಗೂ ಅನುಕೂಲನೇ ಆಗಿತ್ತಲ್ವಾ, ಜನ ನಗ್ತಾ ಇರ್ಲಿ ಅಂತ? ಸುಮ್ನೆ ಕೇಳ್ತಿದೀನಿ, ಬೈಬೇಡಿ.

ಅರಳೀಕಟ್ಟೆ:
ಬೈಯಲ್ಲ, ಕೇಳಬೇಕಾದ ಪ್ರಶ್ನೆನೇ. ಆ ಪಾತ್ರಗಳನ್ನ ಸರ್ಕಾರಿ ಪ್ರಚಾರಕ್ಕೂ ಬಳಸ್ಕೊಂಡ್ರು. ಆಮೇಲೆ ಓಝರ್ ಹೊಟ್ಟೆಪಾಡಿಗೆ ಪ್ರಚಾರದ ವ್ಯಂಗ್ಯಚಿತ್ರಗಳನ್ನೂ ಬರೆದ್ರು. ಒಳಗೊಂದು ಹೊರಗೊಂದು ಬದುಕು. ಹುತಾತ್ಮ ಅಂತ ಪೂಜೆ ಮಾಡಬೇಕಾಗಿಲ್ಲ, ಆದ್ರೆ ಆ ಸ್ಟ್ರಿಪ್ ಒಳಗೆ ಒಂದು ಸೆಲ್ಯೂಟ್ ಕೂಡ ಹೊಡೆಯಲ್ಲ ಅಪ್ಪ, ಮಗನ್ನ ಶಿಸ್ತಿನ ಸಿಪಾಯಿ ಮಾಡೋ ಯೋಚನೆನೂ ಇಲ್ಲ. ನನಗೆ ಅಷ್ಟು ಸಾಕು.

ಮಲ್ಲಿಗೆಹಂಬು:
ಕ್ಯಾಲ್ವಿನ್ನಲ್ಲೂ ಒಂದು ಗಂಭೀರ ಕಥೆ ಇದೆ, ಮನೆಗೆ ಕಳ್ಳರು ನುಗ್ಗಿದ್ದು. ರಾತ್ರಿ ಅಪ್ಪ-ಅಮ್ಮ ಇಬ್ಬರಿಗೂ ನಿದ್ದೆ ಬರಲ್ಲ. ಅಪ್ಪ ಹೇಳ್ತಾನೆ, ಚಿಕ್ಕೋನಿದ್ದಾಗ ದೊಡ್ಡೋರಿಗೆ ಎಲ್ಲ ಗೊತ್ತಿರುತ್ತೆ ಅಂದ್ಕೊಂಡಿದ್ದೆ, ದೊಡ್ಡೋರೂ ಆ ಕ್ಷಣಕ್ಕೆ ತೋಚಿದ್ದು ಮಾಡ್ತಾರೆ ಅಂತ ಗೊತ್ತಿದ್ರೆ ಬೇಗ ದೊಡ್ಡೋನಾಗೋಕೆ ಅವಸರ ಪಡ್ತಿರ್ಲಿಲ್ಲ ಅನ್ನೋ ಅರ್ಥದ ಮಾತು. ಇದನ್ನ ಓದಿದ್ಮೇಲೆ ಸೇತುವೆ ಸ್ಟ್ರಿಪ್ ಓದಿ ನೋಡಿ. ಗೊತ್ತಿಲ್ಲದ್ದನ್ನ ಗೊತ್ತಿರೋ ಥರ ಹೇಳೋ ಕೆಲಸನೇ ಅಪ್ಪಂದು, ಅದನ್ನೇ ಆಯಪ್ಪ ಜೋಕ್ ಮಾಡ್ಕೊಂಡಿದಾನೆ.

ಚಿಲ್ಲರೆ_ಇಲ್ಲ:
@ಮಲ್ಲಿಗೆಹಂಬು ಮೇಡಂ ಇದು ಸರಿಯಾಗಿದೆ. ನಮ್ಮಪ್ಪ ಗೊತ್ತಿಲ್ಲದ್ದು ಕೇಳಿದ್ರೆ "ಹೋಗಿ ಓದ್ಕೋ" ಅಂತಿದ್ರು, ಈಗ ಅರ್ಥ ಆಗ್ತಿದೆ.

ಕೋಪಿಷ್ಠ_ಓದುಗ:
ಜರ್ಮನ್ ಪುಸ್ತಕ ಎಲ್ಲಿ ಸಿಗುತ್ತೆ? ದುಡ್ಡು ಎಷ್ಟು?

ಅರಳೀಕಟ್ಟೆ:
ದುಡ್ಡೇ ಬೇಡ. ಓಝರ್ ತೀರ್ಕೊಂಡಿದ್ದು 1944, ಜರ್ಮನಿಲಿ ಲೇಖಕ ಸತ್ತು 70 ವರ್ಷಕ್ಕೆ ಕಾಪಿರೈಟ್ ಮುಗಿಯುತ್ತೆ, ಅಂದ್ರೆ 2015ರಿಂದ ಅದು ಎಲ್ಲರ ಸ್ವತ್ತು. ನಮ್ಮ ದೇಶದಲ್ಲಿ 60 ವರ್ಷ, ಹಂಗಾಗಿ ಇಲ್ಲಿ ಇನ್ನೂ ಮೊದಲೇ ಮುಗೀತು. ನೆಟ್ಟಲ್ಲಿ ಹುಡುಕಿ, ಮಾತಿಲ್ಲದ್ರಿಂದ ಭಾಷೆ ತೊಂದರೆನೂ ಇಲ್ಲ.

ಚಿಲ್ಲರೆ_ಇಲ್ಲ:
ಹಂಗಿದ್ರೆ ಕನ್ನಡ ಪೇಪರಿನೋರು ಯಾರಾದ್ರೂ ದಿನಾ ಒಂದು ಹಾಕ್ಬಹುದಲ್ರೀ! ಅನುವಾದದ ಖರ್ಚೂ ಇಲ್ಲ, ಸಿಂಡಿಕೇಟಿಗೂ ಕೊಡೋದಿಲ್ಲ.

ಸುಡೋಕು_ಸುಬ್ಬಿ:
ಎಲ್ಲಿ ಹಾಕ್ತಾರೆ? ಸುಡೋಕು ಜಾಗ ಬಿಟ್ಟು ಬೇರೆ ಎಲ್ಲಾದ್ರೂ ಆದ್ರೆ ನನ್ನದೇನೂ ಅಡ್ಡಿ ಇಲ್ಲ.

ಕುಡ್ಲದ_ಬಿಸಿಲು:
ಹಾಗರನಿಗೆ ಹೋನಿ ಅಂತ ಮಗಳೂ ಉಂಟು, ಕತ್ತಿ ಹಿಡಿಯುವವಳು. ಅಪ್ಪ-ಮಗಳ ಬಗ್ಗೆ ಯಾರೂ ಮಾತಾಡ್ಲೇ ಇಲ್ಲ ನೋಡಿ.

ಮಲ್ಲಿಗೆಹಂಬು:
ಅದಕ್ಕೆ ಬೇರೆ ಥ್ರೆಡ್ ಹಾಕ್ತೀನಿ ನಾಳೆ. ಇದ್ರಲ್ಲಿ ಹಾಕಿದ್ರೆ ನೀವೆಲ್ಲ ಮತ್ತೆ ಸೇತುವೆಗೆ ಹೋಗ್ತೀರ.